ಅಂಗಿ ಮೇಲಿನ ತುತಿ ಕಲೆ

ಮರಾಠಿಯಲ್ಲಿ ತುತಿ, ಕನ್ನಡದಲ್ಲಿ ಹಿಪ್ಪುನೇರಳೆ. ಹೆಸರಿನಲ್ಲಿ ನೇರಳೆ ಇದ್ದರೂ ಇದು ಆಲ, ಅತ್ತಿ, ಹಲಸಿನ ಕುಟುಂಬದ ಮರ. ಹಲಸಿನಂತೆ ಇದೂ ಹಲವು ಹಣ್ಣುಗಳ ಗೊಂಚಲು: ಒಂದೊಂದು ಮಣಿಯೂ ಒಂದೊಂದು ಹೂವಿನಿಂದ ಆದದ್ದು. ಸೋಲಾಪುರ ಜಿಲ್ಲೆಯ ರೇಷ್ಮೆ ರೈತರು ಸೊಪ್ಪಿಗಾಗಿ ಗಿಡವನ್ನು ಮೇಲಿಂದ ಮೇಲೆ ಕತ್ತರಿಸುತ್ತಾರೆ, ಅಲ್ಲಿ ಹಣ್ಣು ಕಡಿಮೆ. ಹಿತ್ತಲಲ್ಲಿ ಬೆಳೆಯಲು ಬಿಟ್ಟ ಮರ ಹುಡುಕಿರಿ.

ಕಾಯಿ ಹಸಿರು, ಆಮೇಲೆ ಕೆಂಪು, ಪೂರ್ತಿ ಹಣ್ಣಾದಾಗ ಕಪ್ಪು. ಆಂಥೋಸಯನಿನ್ ಎಂಬ ಬಣ್ಣದ ವಸ್ತು ಒತ್ತಾಗಿ ತುಂಬಿಕೊಂಡು ಹಾಗೆ ಕಾಣಸ್ತದ. ಒಂದು ಹಣ್ಣು ನೀರಾಗ ಹಿಚುಕಿ ನೋಡ್ರಿ, ಕಪ್ಪು ಎಲ್ಲೂ ಇರೋದಿಲ್ಲ.

ಬಿಳಿ ಅಂಗಿ ಮೇಲೆ ರಸ ಬಿದ್ದರೆ ಎಲ್ಲರೂ ಮೊದಲು ಸಾಬೂನು ತಿಕ್ಕತಾರ. ಕಲೆ ನೀಲಿಯಾಗತದ! ಬೈಗುಳವೂ ಜೋರಾಗತದ. ಸಾಬೂನು ಪ್ರತ್ಯಾಮ್ಲ, ಅದು ತಾಗಿದಾಗ ಆಂಥೋಸಯನಿನ್ನಿನ ಅಣುರಚನೆ ಬದಲಾಗಿ ಬಣ್ಣವೂ ಬದಲಾಗುತ್ತದೆ. ಅರಿಷಿಣದ ಕಲೆ ಸಾಬೂನಿಗೆ ಕೆಂಪಾಗುವುದಿಲ್ಲವೇ, ಹಾಗೆ. ಲಿಂಬಿರಸ ಹಿಂಡಿದರೆ ತುತಿ ಕಲೆ ಮತ್ತೆ ಕೆಂಪಿಗೆ ತಿರುಗುತ್ತದೆ. ಅದಕ್ಕೇ ಮೊದಲು ತಣ್ಣೀರು, ಆಮೇಲೆ ಲಿಂಬಿ, ಕೊನೆಗೆ ಸಾಬೂನು.

ಸಾಲಿಯಲ್ಲಿ ಲಿಟ್ಮಸ್ ಕಾಗದ ತೀರಿದ್ದರೆ ಬಿಳಿ ಕಾಗದಕ್ಕೆ ಈ ರಸ ಹಚ್ಚಿ ಒಣಗಿಸಿ. ಸುಣ್ಣದ ತಿಳಿ, ಹುಣಸೆನೀರು, ಅಡುಗೆ ಸೋಡಾ ಒಂದೊಂದು ಹನಿ ಬಿಟ್ಟು, ಬಂದ ಬಣ್ಣ ವಹಿಯಲ್ಲಿ ಬರೆದುಕೊಳ್ಳಿ.