ತಟ್ಟೆಯಂಚಿಗೆ ಸರಿಸುವ ಕರಿಬೇವು



ಬಚ್ಚಲ ನೀರು ಹರಿಯುವೆಡೆ ಒಂದು ಕರಿಬೇವಿನ ಗಿಡವಿಲ್ಲದ ಹಿತ್ತಲು ನಮ್ಮಲ್ಲಿ ಅಪರೂಪ. ಸಾರಿರಲಿ, ಚಿತ್ರಾನ್ನವಿರಲಿ, ಒಗ್ಗರಣೆಗೆ ಅದು ಬೇಕೇ ಬೇಕು. ಆದರೆ ಊಟಕ್ಕೆ ಕುಳಿತೊಡನೆ ನಾವು ಆ ಎಲೆಯನ್ನು ಹೆಕ್ಕಿ ತಟ್ಟೆಯಂಚಿಗೆ ಸರಿಸುತ್ತೇವೆ. ಹೀಗೆ ಸರಿಸಿದ್ದು ಏನೆಂಬುದನ್ನು ತಾವು ತಿಳಿಯುವುದು ಒಳ್ಳೆಯದು.

ಎಲೆಯಲ್ಲಿರುವ ಪೋಷಕಾಂಶಗಳು

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದಂತೆ, 100 ಗ್ರಾಂ ಹಸಿ ಕರಿಬೇವಿನಲ್ಲಿ ಸುಮಾರು 650 ಮಿ.ಗ್ರಾಂ ಸುಣ್ಣದ ಅಂಶ, 8 ಮಿ.ಗ್ರಾಂಗಿಂತ ಹೆಚ್ಚು ಕಬ್ಬಿಣ ಮತ್ತು 7 ಮಿ.ಗ್ರಾಂಗಿಂತ ಹೆಚ್ಚು ಬೀಟಾ ಕೆರೋಟಿನ್ ಇವೆ. ಅಷ್ಟೇ ಹಸುವಿನ ಹಾಲಿನಲ್ಲಿರುವ ಸುಣ್ಣದ ಅಂಶ ಸುಮಾರು 120 ಮಿ.ಗ್ರಾಂ. ಕೆರೋಟಿನ್ ದೇಹದಲ್ಲಿ 'ಎ' ಜೀವಸತ್ವವಾಗಿ ಮಾರ್ಪಡುತ್ತದೆ. ಇದರ ಕೊರತೆಯಿಂದಲೇ ಮಕ್ಕಳಿಗೆ ಇರುಳುಗುರುಡು ಬರುವುದು.

ಆದರೆ ಯಾರೂ ಒಮ್ಮೆಗೆ 100 ಗ್ರಾಂ ಎಲೆ ತಿನ್ನುವುದಿಲ್ಲ. ಒಗ್ಗರಣೆಯ ಒಂದೆರಡು ಗ್ರಾಂ ಎಲೆಯಿಂದ ಸಿಗುವುದು ಅಲ್ಪ. ಅದನ್ನೂ ಎಸೆದರೆ ಉಳಿಯುವುದು ಪರಿಮಳ ಮಾತ್ರ.

ತುಪ್ಪ ಕಲಿಸುವ ಪಾಠ

ಬೆಣ್ಣೆ ಕಾಯಿಸುವಾಗ ಕೊನೆಯಲ್ಲಿ ನಾಲ್ಕು ಕರಿಬೇವಿನ ಎಲೆ ಹಾಕುವ ರೂಢಿ ಅನೇಕ ಮನೆಗಳಲ್ಲಿದೆ. ಇದು ಘಮಕ್ಕಷ್ಟೇ ಅಲ್ಲ. ಗಾಳಿಯಲ್ಲಿನ ಆಮ್ಲಜನಕ ಸೇರಿ ಕೊಬ್ಬು ಕೆಡುವುದನ್ನು ಎಲೆಯಲ್ಲಿನ ಕೆಲವು ವಸ್ತುಗಳು ತಡೆಯುತ್ತವೆ. ತುಪ್ಪ ಬೇಗ ಕಮಟುವುದಿಲ್ಲ. ಇವನ್ನೇ ಉತ್ಕರ್ಷಣ ನಿರೋಧಕಗಳೆನ್ನುವುದು. ಕರಿಬೇವಿನ ಮಹಾನಿಂಬಿನ್, ಕೊಯೆನಿಜಿನ್ ಎಂಬ ಕ್ಷಾರಾಭಗಳು ಈ ಗುಂಪಿನವು. ಹಾಗೆಂದು ಕರಿಬೇವನ್ನು ಸಕ್ಕರೆ ಕಾಯಿಲೆಯ ಮದ್ದೆಂದು ನಂಬಿ ವೈದ್ಯರು ಕೊಟ್ಟ ಔಷಧಿ ನಿಲ್ಲಿಸಬಾರದು. ಅದು ಆಹಾರ, ಅಷ್ಟೇ.

ತಿನ್ನುವ ಬಗೆ

ಎಲೆ ಹೊಟ್ಟೆ ಸೇರಬೇಕಾದರೆ ಪುಡಿಯೇ ಸುಲಭದ ದಾರಿ. ಬಲಿತ ಎಲೆಗಳನ್ನು ಬೆಳಗಿನ ಹೊತ್ತು ಕೊಯ್ದು, ತೊಳೆದು, ನೀರು ಬಸಿಯಲು ಬಿಡಿರಿ. ಬಟ್ಟೆಯ ಮೇಲೆ ತೆಳುವಾಗಿ ಹರಡಿ ನೆರಳಿನಲ್ಲಿ ಒಣಗಿಸಿರಿ. ಬಿಸಿಲಿಗೆ ಹಾಕಿದರೆ ಬಣ್ಣದೊಂದಿಗೆ ಕೆರೋಟಿನ್ ಕೂಡ ನಾಶವಾಗುತ್ತದೆ. ಎಲೆ ಕೈಯಲ್ಲಿ ಪುಡಿಯಾಗುವಂತಾದಾಗ ಉದ್ದು, ಕಡಲೆ, ಒಣಮೆಣಸಿನಕಾಯಿ ಹುರಿದು ಸೇರಿಸಿ ಪುಡಿಮಾಡಿ, ಗಾಳಿಯಾಡದ ಡಬ್ಬಿಯಲ್ಲಿಡಿರಿ.

ಹಸಿ ಎಲೆಯಲ್ಲಿ ಸುಮಾರು ಮೂರರಲ್ಲೆರಡು ಪಾಲು ನೀರು. ಆದ್ದರಿಂದ 5 ಗ್ರಾಂ ಒಣ ಎಲೆಯೆಂದರೆ ಸುಮಾರು 13 ಗ್ರಾಂ ಹಸಿ ಎಲೆಗೆ ಸಮ. ಪುಡಿಯನ್ನು ಅನ್ನಕ್ಕೋ ರೊಟ್ಟಿಗೋ ಎಣ್ಣೆ ಅಥವಾ ತುಪ್ಪದೊಂದಿಗೆ ಕಲಸಿರಿ. ಜಿಡ್ಡಿದ್ದರೆ ಕೆರೋಟಿನ್ ಚೆನ್ನಾಗಿ ದಕ್ಕುತ್ತದೆ. ಕರಿಬೇವಿನಲ್ಲಿ 'ಸಿ' ಜೀವಸತ್ವ ಕಡಿಮೆ. ನಿಂಬೆರಸ ಹಿಂಡಿದರೆ ಕಬ್ಬಿಣ ಹೆಚ್ಚು ದಕ್ಕುತ್ತದೆ. ಆಕ್ಸಲೇಟ್ ಇರುವುದರಿಂದ ಸುಣ್ಣದ ಅಂಶ ಪೂರ್ತಿ ದಕ್ಕದು. ಹಾಲು, ರಾಗಿ ಬಿಡಬೇಡಿರಿ.

ಸಿಂಪರಣೆಯ ಎಚ್ಚರ

ಎಲೆಯನ್ನೇ ತಿನ್ನುವ ಬೆಳೆಗೆ ಹೊಡೆದ ವಿಷ ನೇರವಾಗಿ ತಟ್ಟೆಗೆ ಬರುತ್ತದೆ. ಕೀಟನಾಶಕದ ಶೇಷ ಕಂಡುಬಂದ ಕಾರಣ ಐರೋಪ್ಯ ಒಕ್ಕೂಟವು ಭಾರತದ ಕರಿಬೇವನ್ನು ಗಡಿಯಲ್ಲಿ ವಿಶೇಷ ತಪಾಸಣೆಗೆ ಒಳಪಡಿಸಿದ್ದುಂಟು. ನಿಂಬೆ ಚಿಟ್ಟೆಯ ಹುಳುಗಳನ್ನು ಕೈಯಿಂದಲೇ ಆರಿಸಿ ನಾಶಮಾಡಿರಿ. ಅಗತ್ಯಬಿದ್ದರೆ ಶೇ. 5ರ ಬೇವಿನ ಬೀಜದ ಕಷಾಯ ಸಿಂಪಡಿಸಿರಿ. ಮಾರಾಟಕ್ಕೆ ಬೆಳೆಯುವವರು, ಸ್ವಂತ ಮಕ್ಕಳಿಗೆ ಬಡಿಸಲು ಹಿಂಜರಿಯುವಂಥ ಎಲೆಯನ್ನು ಸಂತೆಗೂ ಒಯ್ಯಬಾರದು.

ಗಿಡ ಹಿತ್ತಲಲ್ಲೇ ಇದೆ, ಖರ್ಚಿಲ್ಲ. ಇಂದಿನಿಂದ ತಟ್ಟೆಯಂಚಿನ ಎಲೆಯನ್ನು ತುತ್ತಿನೊಳಗೆ ಸೇರಿಸಿರಿ.