ಸೈನಿಕನ ಸೊಂಟನೋವು ಮತ್ತು ಶೇಕಡ ಲೆಕ್ಕ

ಕೈ ಕಳೆದುಕೊಂಡವನ ಊನವು ನೋಡಿದವರಿಗೆಲ್ಲ ಕಾಣುತ್ತದೆ. ಸೊಂಟ ನೊಂದವನದು ಕಾಣುವುದಿಲ್ಲ. ನಮ್ಮೂರಿನ ಮಾಜಿ ಹವಾಲ್ದಾರರೊಬ್ಬರು ಜಗಲಿಯಿಂದ ಏಳಬೇಕಾದರೆ ಕಂಬ ಹಿಡಿಯಬೇಕು. ಅವರ ಕಾಗದಗಳನ್ನು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂದುದರಿಂದ ಈ ವಿಷಯ ಕಲಿತೆನು. ಅದರಲ್ಲಿ ಊನ ‘ಶೇಕಡ 20’ ಎಂದಿದೆ. “ಉಳಿದ ಎಂಬತ್ತು ಪಾಲು ನೆಟ್ಟಗಿದೆ ಅಂತಲೇನಪ್ಪಾ?” ಎಂದು ಅವರು ಕೇಳಿದಾಗ ನನಗೆ ಉತ್ತರ ತೋಚಲಿಲ್ಲ.

ಸೇನೆಯಿಂದ ಬಿಡುಗಡೆಯಾಗುವಾಗ ವೈದ್ಯಮಂಡಲಿಯು ಎರಡು ಸಂಗತಿಗಳನ್ನು ನಿರ್ಣಯಿಸುತ್ತದೆ: ಬೇನೆಯು ಸೇವೆಯಿಂದ ಹುಟ್ಟಿತೇ ಅಥವಾ ಉಲ್ಬಣಿಸಿತೇ ಎಂಬುದೊಂದು, ಊನವೆಷ್ಟು ಎಂಬುದಿನ್ನೊಂದು. ಮೊದಲನೆಯದೇ ಕಠಿನ. ಬೆನ್ನೆಲುಬಿನ ನಡುವಣ ಬಿಲ್ಲೆಗಳು ವಯಸ್ಸಿನಿಂದಲೂ ಸವೆಯುತ್ತವೆ, ಭಾರ ಹೊತ್ತೂ ಸವೆಯುತ್ತವೆ; ಎಕ್ಸ್-ರೇ ಚಿತ್ರವು ಕಾರಣ ಹೇಳುವುದಿಲ್ಲ. ಸೇರುವಾಗಿನ ದಾಖಲೆಯಲ್ಲಿ ಬೇನೆ ಕಾಣದಿದ್ದರೆ ಆತ ಆರೋಗ್ಯವಂತನಾಗಿಯೇ ಇದ್ದನೆಂದು ಭಾವಿಸಬೇಕು, ಅಲ್ಲವೆಂದು ಸಾಧಿಸುವ ಹೊಣೆ ಸರ್ಕಾರದ್ದು ಎಂದು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಧರಮ್‌ವೀರ್ ಸಿಂಗ್ ಮೊಕದ್ದಮೆಯಲ್ಲಿ ತೀರ್ಪಿತ್ತಿತು.

ಶೇಕಡವೆಂಬುದು ನೋವಿನ ಅಳತೆಯಲ್ಲ. ಅದೇ ವಯಸ್ಸಿನ ಆರೋಗ್ಯವಂತನಿಗೆ ಹೋಲಿಸಿದರೆ ಎಷ್ಟು ಶಕ್ತಿ ಕುಂದಿದೆಯೆಂಬ ಅಂದಾಜು. ಅಮೆರಿಕದವರು ಇದನ್ನು ಕೋನಮಾಪಕದಿಂದ ಅಳೆಯುವರು. ಮುಂದಕ್ಕೆ 90 ಡಿಗ್ರಿ ಬಾಗುವುದು ಸಹಜ. 30 ದಾಟಿ 60ರೊಳಗೆ ನಿಂತರೆ ಶೇಕಡ 20, ಮೂವತ್ತರೊಳಗೇ ನಿಂತರೆ 40. ಲೆಕ್ಕವೇನೋ ಸ್ಪಷ್ಟ. ಆದರೆ ಬೆಳಿಗ್ಗೆ ಬಾಗದ ಸೊಂಟ ಮಧ್ಯಾಹ್ನ ಬಾಗೀತು!

ಇನ್ನು ಹಣದ ಮಾತು. 2023ರ ಸೆಪ್ಟೆಂಬರಿನಲ್ಲಿ ಹೊಸ ನಿಯಮಗಳು ಬಂದವು. ನಾನು ಹೇಳುತ್ತಿರುವುದು ಅದಕ್ಕೆ ಮೊದಲು ನಿವೃತ್ತರಾದವರ ವಿಷಯ. ಅವಧಿ ಮುಗಿಸಿ ಬಂದವನ ಊನವು 20ಕ್ಕಿಂತ ಕಡಿಮೆಯಾದರೆ ಅಂಗವೈಕಲ್ಯದ ಪಿಂಚಣಿಯಿಲ್ಲ. ಪೂರ್ಣ ಊನಕ್ಕೆ ಕೊನೆಯ ಸಂಬಳದ ಶೇಕಡ 30. ಆದುದರಿಂದ 20ಕ್ಕೆ ಬರುವುದು ಶೇಕಡ 6 ಮಾತ್ರ. ಬೇನೆಯ ಕಾರಣದಿಂದಲೇ ಸೇನೆ ಬಿಡಬೇಕಾದವರಿಗೆ 1996ರಿಂದ ಈ ಅಂಕವನ್ನು ಮೇಲಕ್ಕೇರಿಸುವ ಪದ್ಧತಿಯಿತ್ತು: 50ಕ್ಕಿಂತ ಕಡಿಮೆಯಾದುದು 50, 50ರಿಂದ 75ರವರೆಗಿನದು 75, ಅದಕ್ಕೂ ಮೇಲಿನದು 100. ಅವಧಿ ಮುಗಿಸಿದವರಿಗೆ ಆ ಭಾಗ್ಯವಿರಲಿಲ್ಲ. ಸೊಂಟ ನೋಯಿಸಿಕೊಂಡೇ ಕೊನೆಯವರೆಗೆ ದುಡಿದವನಿಗೆ ಇದು ಶಿಕ್ಷೆಯಲ್ಲವೇ? 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರಿಗೂ ಇದನ್ನು ಅನ್ವಯಿಸಿತು.

ನಮ್ಮ ಹವಾಲ್ದಾರರು 2009ರಲ್ಲಿ ಅವಧಿ ಮುಗಿಸಿ ಬಂದವರು. ಅವರಿಗೆ ಇಂದಿಗೂ ಬರುತ್ತಿರುವುದು ಇಪ್ಪತ್ತರ ಲೆಕ್ಕವೇ. ತೀರ್ಪಿನ ತಾರೀಖು ನಮೂದಿಸಿ ಅರ್ಜಿ ಬರೆದುಕೊಟ್ಟಿದ್ದೇನೆ. ಸಹಿ ಹಾಕಲು ಅವರು ಬಾಗಲಾರದೆ ನಿಂತೇ ಗೋಡೆಗೆ ಕಾಗದವೊತ್ತಿ ಬರೆದರು.