ಪ್ಯಾಕೆಟ್ ಮೇಲಿನ ಮೂರಕ್ಷರ, ಮಗುವಿನ ಮೈಯಲ್ಲಿನ ನೀರು

2024ರ ಏಪ್ರಿಲ್‌ನಲ್ಲಿ ಅಕ್ಕನ ಮಗಳಿಗೆ ವಾಂತಿ-ಭೇದಿ ಶುರುವಾಯ್ತು. ಎರಡೂವರೆ ವರ್ಷ, ಹನ್ನೆರಡು ಕೆಜಿ ತೂಕ. ರಾತ್ರಿ ನಾನೇ ಮೆಡಿಕಲ್ ಶಾಪಿಗೆ ಓಡಿ, ‘ಮಗುಗೆ ಭೇದಿ, ಓಆರ್‌ಎಸ್ ಕೊಡಿ’ ಅಂದೆ. ಹಣ್ಣಿನ ಚಿತ್ರ ಇದ್ದ ಮೂರು ಟೆಟ್ರಾ ಪ್ಯಾಕ್ ಕೊಟ್ರು. ಮೇಲೆ ದಪ್ಪಕ್ಷರದಲ್ಲಿ ಓಆರ್‌ಎಸ್ ಅಂತಿತ್ತು. ಸಿಹಿ ಇದ್ದಿದ್ದಕ್ಕೆ ಮಗು ಖುಷಿಯಿಂದಲೇ ಕುಡೀತು.

ಬೆಳಗಾಗೋ ಹೊತ್ತಿಗೆ ಭೇದಿ ಹೆಚ್ಚಾಗಿತ್ತು. ಅಳ್ತಿದ್ದಳು, ಆದ್ರೆ ಕಣ್ಣಲ್ಲಿ ನೀರು ಬರ್ತಿರಲಿಲ್ಲ. ಆಸ್ಪತ್ರೆಯಲ್ಲಿ ವೈದ್ಯರು ಖಾಲಿ ಪ್ಯಾಕ್ ತಿರುಗಿಸಿ ಮೂಲೆಯಲ್ಲಿದ್ದ ಸಣ್ಣ ಸಾಲು ತೋರಿಸಿದ್ರು. ಇದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಓಆರ್‌ಎಸ್ ಅಲ್ಲ ಅನ್ನೋದು ಅದರ ಅರ್ಥ. ದಿನವಿಡೀ ಹಕ್ಕು, ಕಾನೂನು ಅಂತ ಮಾತಾಡೋ ನಾನು ಅದನ್ನ ಓದಿರಲಿಲ್ಲ. ಭೇದಿ ಆ ಪಾನೀಯದಿಂದಲೇ ಹೆಚ್ಚಾಯ್ತು ಅಂತ ನಾನು ಹೇಳಲಾರೆ. ಆದರೆ ಇಡೀ ರಾತ್ರಿ ಅವಳಿಗೆ ಬೇಕಿದ್ದದ್ದು ಸಿಗಲಿಲ್ಲ ಅನ್ನೋದು ನಿಜ.

ಬೇಕಿದ್ದದ್ದು ಏನು?

ಮಕ್ಕಳ ಮೈತೂಕದಲ್ಲಿ ನೀರಿನ ಪಾಲು ದೊಡ್ಡವರಿಗಿಂತ ಹೆಚ್ಚು, ಕಳೆದುಕೊಳ್ಳುವ ವೇಗವೂ ಹೆಚ್ಚು. ವೈದ್ಯರು ಬಳಸುವ ಹಳೆಯ ಲೆಕ್ಕವೊಂದಿದೆ: ಮೊದಲ 10 ಕೆಜಿ ತೂಕಕ್ಕೆ ದಿನಕ್ಕೆ ಕೆಜಿಗೆ 100 ಮಿಲಿ ದ್ರವ, ನಂತರದ 10 ಕೆಜಿಗೆ ತಲಾ 50 ಮಿಲಿ. ನಮ್ಮ ಹುಡುಗಿಗೆ ಆರೋಗ್ಯವಾಗಿದ್ದಾಗಲೇ ದಿನಕ್ಕೆ ಸುಮಾರು 1,100 ಮಿಲಿ ಬೇಕು. ಭೇದಿಯಲ್ಲಿ ಹೋಗೋದು ಇದರ ಮೇಲಿನ ಲೆಕ್ಕ.

ಹೋಗೋದು ಬರೀ ನೀರಲ್ಲ, ಜೊತೆಗೆ ಸೋಡಿಯಂ, ಪೊಟ್ಯಾಸಿಯಂನಂಥ ಲವಣಗಳೂ ಹೋಗ್ತವೆ. ಕರುಳಿನ ಗೋಡೆಯಲ್ಲಿ ಸಕ್ಕರೆ ಮತ್ತು ಸೋಡಿಯಂ ಜೋಡಿಯಾಗಿ ಒಳಹೋಗೋ ಒಂದು ಬಾಗಿಲಿದೆ. ಅವುಗಳ ಬೆನ್ನಿಗೇ ನೀರೂ ಒಳಗೆ ಹೋಗುತ್ತೆ. ಭೇದಿಯಲ್ಲೂ ಈ ಬಾಗಿಲು ಕೆಲಸ ಮಾಡುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ನಿಂತಿರೋದು ಇದರ ಮೇಲೇ: ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್. ಸಕ್ಕರೆ ಇದರ ಹಲವು ಪಟ್ಟಾದರೆ ಲೆಕ್ಕ ತಲೆಕೆಳಗಾಗುತ್ತೆ. ಹೆಚ್ಚುವರಿ ಸಕ್ಕರೆ ಮೈಯಿಂದಲೇ ನೀರನ್ನ ಕರುಳಿಗೆ ಎಳೆಯುತ್ತೆ, ಭೇದಿ ಇನ್ನೂ ನೀರಾಗುತ್ತೆ.

ಶಿಬಿರದಲ್ಲಿ ಹುಟ್ಟಿದ ಭರವಸೆ

1971ರ ಬಾಂಗ್ಲಾ ವಿಮೋಚನಾ ಯುದ್ಧದ ಸಮಯ. ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರಲ್ಲಿ ಕಾಲರಾ ಹರಡಿತ್ತು, ಡ್ರಿಪ್ ಬಾಟಲಿಗಳು ಸಾಲುತ್ತಿರಲಿಲ್ಲ. ಡಾ. ದಿಲೀಪ್ ಮಹಾಲನಬಿಸ್ ಗ್ಲೂಕೋಸ್, ಅಡುಗೆ ಉಪ್ಪು, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್‌ಗಳಲ್ಲಿ ತುಂಬಿಸಿಟ್ಟರು. ರೋಗಿಗಳಿಗೆ ಕುಡಿಸಿದ್ದು ಅವರವರ ಮನೆಯವರೇ. ಸುಮಾರು ಶೇ. 30ರಷ್ಟಿದ್ದ ಸಾವು ಅವರ ಆರೈಕೆಯಲ್ಲಿ ಶೇ. 4ಕ್ಕಿಂತ ಕೆಳಗಿಳಿಯಿತು. 2022ರಲ್ಲಿ ಅವರು ತೀರಿಕೊಂಡ ಮೇಲೆ, 2023ರಲ್ಲಿ ಪದ್ಮವಿಭೂಷಣ ಬಂತು.

ಅಂದ್ರೆ ಓಆರ್‌ಎಸ್ ಅನ್ನೋ ಹೆಸರಿನ ಹಿಂದಿರೋದು ಜನರ ನಂಬಿಕೆ. ಪಾನೀಯದ ಕಂಪನಿಗಳು ಮಾರಿಕೊಂಡಿದ್ದು ಆ ನಂಬಿಕೆಯನ್ನೇ. ಹೈದರಾಬಾದಿನ ಮಕ್ಕಳ ತಜ್ಞೆ ಡಾ. ಶಿವರಂಜನಿ ಸಂತೋಷ್ ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು, ತೆಲಂಗಾಣ ಹೈಕೋರ್ಟ್ ಮೆಟ್ಟಿಲೂ ಹತ್ತಿದರು. ಆಹಾರ ಸುರಕ್ಷತಾ ಪ್ರಾಧಿಕಾರ 2022ರ ಏಪ್ರಿಲ್‌ನಲ್ಲಿ ತಡೆ ಹಾಕಿ, ಜುಲೈನಲ್ಲಿ ‘ಇದು ಓಆರ್‌ಎಸ್ ಅಲ್ಲ’ ಅನ್ನೋ ಸಾಲು ಹಾಕಿದರೆ ಸಾಕು ಅಂತ ಸಡಿಲಿಸಿತು. ನಾನು ಓದದ ಸಾಲು ಅದೇ. ಕೊನೆಗೆ 2025ರ ಅಕ್ಟೋಬರ್ 14ರಂದು, ಸೂತ್ರ ಪಾಲಿಸದ ಯಾವ ಪಾನೀಯದ ಹೆಸರಲ್ಲೂ ಆ ಮೂರಕ್ಷರ ಇರಬಾರದು ಅಂತ ಆದೇಶ ಬಂತು. ಆ ಮೂರು ವರ್ಷ ಎಷ್ಟು ಮನೆಗಳಿಗೆ ಆ ಪ್ಯಾಕ್ ಹೋಗಿರಬೇಕು, ಯೋಚಿಸಿ. ಇಂಗ್ಲಿಷ್ ಬಾರದ ತಾಯಿ ಆ ಸಾಲನ್ನ ಓದೋದಾದ್ರೂ ಹೇಗಿತ್ತು?

ನಾವು ಮಾಡಬೇಕಾದ್ದು

ಆವತ್ತು ಡ್ರಿಪ್ ಹಾಕ್ತಾರೆ ಅಂದ್ಕೊಂಡಿದ್ವಿ, ಹಾಕಲಿಲ್ಲ. ಕೆಜಿಗೆ 75 ಮಿಲಿ ಲೆಕ್ಕದಲ್ಲಿ ನಾಲ್ಕು ಗಂಟೆಯಲ್ಲಿ 900 ಮಿಲಿ ಅಸಲಿ ಓಆರ್‌ಎಸ್ ಕುಡಿಸಿ ಅಂದ್ರು. ಅಕ್ಕ ಚಮಚದಲ್ಲಿ ಕುಡಿಸ್ತಾನೇ ಕೂತಳು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಇನ್ನೂ ನಿಧಾನಕ್ಕೆ ಮತ್ತೆ ಶುರು. ಮಧ್ಯಾಹ್ನ ಮಗು ಉಚ್ಚೆ ಮಾಡಿದಾಗ ನಾವು ಹಬ್ಬ ಮಾಡೋದೊಂದು ಬಾಕಿ.

ಮನೆಯಲ್ಲಿ ನೆನಪಿಡಬೇಕಾದ್ದು ಇಷ್ಟು. ಲೀಟರಿನ ಪುಡಿ ಪ್ಯಾಕೆಟ್ಟನ್ನ ಪೂರ್ತಿಯಾಗಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಬೆರೆಸಿ, 24 ಗಂಟೆಯೊಳಗೆ ಬಳಸಿ. ಪ್ರತಿ ಸಲ ಭೇದಿಯಾದ ಮೇಲೆ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿ, ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿ. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಳತೆ ತಪ್ಪಬಾರದು, ಉಪ್ಪು ಹೆಚ್ಚಾದರೂ ಅಪಾಯ. ಎದೆಹಾಲು, ಗಂಜಿ, ಊಟ ನಿಲ್ಲಿಸಬೇಡಿ. ಜ್ಯೂಸ್, ಕೂಲ್ ಡ್ರಿಂಕ್ಸ್ ಬೇಡ. ಆರೋಗ್ಯ ಕಾರ್ಯಕರ್ತೆ ಕೊಡೋ ಸತುವಿನ ಮಾತ್ರೆಯನ್ನ, ಭೇದಿ ನಿಂತರೂ, 14 ದಿನ ಮುಗಿಸಿ. ಮಗು ಮಂಕಾದರೆ, ಕುಡಿಯಲಾಗದಿದ್ದರೆ, ಕಣ್ಣು ಗುಳಿಬಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ನಿಧಾನಕ್ಕೆ ಇಳಿದರೆ, ಭೇದಿಯಲ್ಲಿ ರಕ್ತ ಕಂಡರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಹಸುಗೂಸಾದರೆ ಇಷ್ಟೆಲ್ಲ ಕಾಣೋವರೆಗೂ ಕಾಯೋದು ಬೇಡ.

ಆದರೆ ಎಲ್ಲವನ್ನೂ ತಾಯಂದಿರ ಜಾಗರೂಕತೆಗೆ ಬಿಟ್ಟು ಕೈತೊಳೆದುಕೊಳ್ಳೋದು ಸರಿಯಲ್ಲ. ಭೇದಿ ಬರೋದು ಕೆಟ್ಟ ನೀರಿಂದ. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು, ಅದು ದಲಿತರ ಕೇರಿ. ಓಆರ್‌ಎಸ್ ಮಗುವನ್ನ ಉಳಿಸುತ್ತೆ, ಒಡೆದ ಪೈಪ್ ರಿಪೇರಿ ಮಾಡಲ್ಲ. ಊರಿನ ಟ್ಯಾಂಕ್ ಕೊನೇ ಸಲ ತೊಳೆದದ್ದು ಯಾವಾಗ, ನಲ್ಲಿ ನೀರಿನ ಪರೀಕ್ಷೆಯ ವರದಿ ಎಲ್ಲಿ ಅಂತ ಗ್ರಾಮಸಭೆಯಲ್ಲಿ, ವಾರ್ಡ್ ಕಚೇರಿಯಲ್ಲಿ ಕೇಳೋಣ. ಮನೆ ಮನೆಗೆ ಓಆರ್‌ಎಸ್ ಹೊತ್ತು ತಿರುಗೋ ಆಶಾ ಕಾರ್ಯಕರ್ತೆಯರು ಗೌರವಧನಕ್ಕಾಗಿ ಬೀದಿಗಿಳಿದಾಗ, ಅವರ ಜೊತೆ ನಿಲ್ಲೋಣ.

ನಮ್ಮ ಮನೆ ಫ್ರಿಜ್ ಮೇಲೆ ಈಗ ಸದಾ ಎರಡು ಪುಡಿ ಪ್ಯಾಕೆಟ್ ಇರ್ತವೆ. ಅಂಗಡಿಯಲ್ಲಿ ಅಕ್ಕ ಈಗ ಬರೀ ಓಆರ್‌ಎಸ್ ಕೊಡಿ ಅನ್ನಲ್ಲ. ‘ಸೂತ್ರ ಬರ್ದಿರೋ ಪುಡಿ ಪ್ಯಾಕೆಟ್ ಕೊಡಿ’ ಅಂತಾಳೆ, ಅಲ್ಲೇ ನಿಂತು ಓದ್ತಾಳೆ. ಹಿಂದೆ ಸಾಲಲ್ಲಿ ನಿಂತವರು ಗೊಣಗಿದರೆ, ಅವರಿಗೂ ಓದಿ ಹೇಳ್ತಾಳೆ.